ಅಂಟಿದ ಕಣ, ಅಲೆಯುವ ಕಣ: ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಕಾಂತೀಯ ನ್ಯಾನೊಕಣ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ತಯಾರಿಸುವ, ರಕ್ತದಲ್ಲಿ ಅಳೆಯುವ ಪ್ರೋಟೀನ್) ಜಾಸ್ತಿ ಇದೆ ಅಂತ ಬಯಾಪ್ಸಿ ಮಾಡಿಸಿದೆವು. ಕ್ಯಾನ್ಸರ್ ಕಾಣಲಿಲ್ಲ. ಆದರೂ ಡಾಕ್ಟರಿಗೆ ಅನುಮಾನ ಹೋಗಿಲ್ಲ. ಆಂಟಿಬಾಡಿ (ಒಂದು ನಿರ್ದಿಷ್ಟ ಗುರಿಗೆ ಮಾತ್ರ ಅಂಟುವ ಪ್ರೋಟೀನ್) ಜೋಡಿಸಿದ ಕಾಂತೀಯ ನ್ಯಾನೊಕಣಗಳು ಕ್ಯಾನ್ಸರನ್ನು ಅಂಗಾಂಶದಲ್ಲೇ ಪತ್ತೆ ಮಾಡುತ್ತವೆ ಎಂದು ಓದಿದೆ. ಅದು ಹೇಗೆ? ಅಪ್ಪನಿಗೆ ಮಾಡಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಸದ್ಯಕ್ಕೆ ಆಗುವುದಿಲ್ಲ. ಇದಿನ್ನೂ ಪ್ರಯೋಗಾಲಯ ದಾಟಿ ಆಸ್ಪತ್ರೆಯ ಮಾಮೂಲಿ ಪರೀಕ್ಷೆಯಾಗಿಲ್ಲ.

ಡಾಕ್ಟರ ಅನುಮಾನ ಸುಮ್ನೆ ಅಲ್ಲ. ಬಯಾಪ್ಸಿಯಲ್ಲಿ ಸಾಮಾನ್ಯವಾಗಿ 12 ಕಡೆ ಸೂಜಿ ಹಾಕಿ ದಾರದಂಥ ತುಣುಕು ತೆಗೆಯುತ್ತಾರೆ. ಚಿಕ್ಕ ಗಂಟು ಎರಡು ಸೂಜಿಗಳ ನಡುವೆ ಉಳಿದುಬಿಡಬಹುದು, ಅಲ್ವಾ? ಹಾಗಂತ ಗಾಬರಿಯೂ ಬೇಡ. ಗ್ರಂಥಿ ದಪ್ಪವಾದರೂ, ಸೋಂಕಾದರೂ ಪಿಎಸ್‌ಎ ಏರುತ್ತದೆ.

ಈಗ ಕಣಗಳ ವಿಷಯ. ಒಳಗೆ ಐರನ್ ಆಕ್ಸೈಡ್ ಹರಳು, ಮೇಲೆ ಪಾಲಿಮರ್ ಲೇಪ, ಅದಕ್ಕೆ ಜೋಡಿಸಿದ ಆಂಟಿಬಾಡಿ. ಈ ಆಂಟಿಬಾಡಿ ಹೆಚ್ಚಾಗಿ ಹುಡುಕುವುದು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ವಿಪರೀತ ಇರುವ ಪಿಎಸ್‌ಎಂಎ ಎಂಬ ಪ್ರೋಟೀನನ್ನು. ಹೆಸರು ಹತ್ತಿರವಿದ್ದರೂ ಪಿಎಸ್‌ಎ ಬೇರೆ, ಇದು ಬೇರೆ. ಪಿಎಸ್‌ಎ ರಕ್ತಕ್ಕೆ ಸೋರುತ್ತದೆ. ಪಿಎಸ್‌ಎಂಎ ಜೀವಕೋಶದ ಪೊರೆಯಲ್ಲೇ ನಾಟಿಕೊಂಡಿರುತ್ತದೆ, ಹಾಗಾಗಿ ಕೋಶ ಇರುವ ಜಾಗವನ್ನೇ ತೋರಿಸುತ್ತದೆ. ಆಂಟಿಬಾಡಿಯ ಆಯ್ಕೆಯೂ ಮುಖ್ಯ. 7ಇ11 ಎಂಬುದು ಈ ಪ್ರೋಟೀನಿನ ಒಳತುದಿಗೆ ಅಂಟುತ್ತದೆ, ಜೀವಂತ ಕೋಶದಲ್ಲಿ ಅದು ಹೊರಗಿನಿಂದ ಕೈಗೆಟುಕುವುದಿಲ್ಲ. ಜೆ591 ಹೊರಭಾಗಕ್ಕೇ ಅಂಟುತ್ತದೆ.

ನನಗೆ ಬಹಳ ಹಿಡಿಸಿದ್ದು ಅಳೆಯುವ ಉಪಾಯ. ಸ್ವಲ್ಪ ಹೊತ್ತು ಕಾಂತಕ್ಷೇತ್ರ ಕೊಟ್ಟರೆ ಕಣಗಳೆಲ್ಲ ಒಂದೇ ದಿಕ್ಕಿಗೆ ನಿಲ್ಲುತ್ತವೆ. ಆ ಕ್ಷೇತ್ರವನ್ನು ನಿಲ್ಲಿಸಿದಾಗ, ದ್ರವದಲ್ಲಿ ತೇಲುವ ಕಣಗಳು ಉರುಳಾಡಿ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಬೇಗ ದಿಕ್ಕು ತಪ್ಪುತ್ತವೆ. ಕೋಶಕ್ಕೆ ಅಂಟಿದ ಕಣ ಉರುಳಲಾರದು. ಅದರೊಳಗಿನ ಕಾಂತತ್ವ ಮೆಲ್ಲಗೆ, ಸೆಕೆಂಡುಗಟ್ಟಲೆ ತೆಗೆದುಕೊಂಡು ಇಳಿಯುತ್ತದೆ. ಈ ಇಳಿಕೆಯನ್ನು ಸ್ಕ್ವಿಡ್ ಎಂಬ ಅತಿಸೂಕ್ಷ್ಮ ಸಂವೇದಕ ಹಿಡಿಯುತ್ತದೆ. ಅಂದರೆ ಅಂಟಿದ ಕಣದ ಸದ್ದು ಮಾತ್ರ ಕೇಳಿಸುತ್ತದೆ, ಅಲೆಯುವುದರದ್ದು ಇಲ್ಲ. ರಕ್ತದಲ್ಲಿರುವ ಕಬ್ಬಿಣವೂ ಅಡ್ಡ ಬರುವುದಿಲ್ಲ. ಆದರೆ ಹರಳು ಸುಮಾರು 25 ನ್ಯಾನೊಮೀಟರ್ ಇರಬೇಕು. ಚಿಕ್ಕದಾದರೆ ಅಳೆಯುವ ಮೊದಲೇ ಸದ್ದು ಮುಗಿದಿರುತ್ತದೆ, ದೊಡ್ಡದಾದರೆ ಇಳಿಯುವುದೇ ಇಲ್ಲ. ಎಲ್ಲ ಕಣಗಳನ್ನೂ ಒಂದೇ ಅಳತೆಗೆ ತರುವುದೇ ಇಲ್ಲಿನ ದೊಡ್ಡ ತಲೆನೋವು.

ಇನ್ನೊಂದು ತೊಡಕು ಆಂಟಿಬಾಡಿಯದು. ಪ್ರಯೋಗಾಲಯದಲ್ಲಿ ಎಲ್‌ಎನ್‌ಕ್ಯಾಪ್ ಎಂಬ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಿಗೆ ಕಣಗಳು ಚೆನ್ನಾಗಿ ಅಂಟುತ್ತವೆ. ಪಿಸಿ-3 ಕೋಶಗಳಿಗೆ ಅಂಟುವುದಿಲ್ಲ, ಅವುಗಳಲ್ಲಿ ಪಿಎಸ್‌ಎಂಎ ಇಲ್ಲ. ಅವೂ ಪ್ರಾಸ್ಟೇಟ್ ಕ್ಯಾನ್ಸರೇ! ಅತ್ತ ಜೊಲ್ಲುಗ್ರಂಥಿ, ಮೂತ್ರಪಿಂಡಗಳಲ್ಲಿ ರೋಗವಿಲ್ಲದೆಯೂ ಪಿಎಸ್‌ಎಂಎ ಇರುತ್ತದೆ. ದೇಹಕ್ಕೆ ಚುಚ್ಚಿದರೆ ಬಹುಪಾಲು ಕಣಗಳನ್ನು ಪಿತ್ತಜನಕಾಂಗವೇ ನುಂಗಿಬಿಡುತ್ತದೆ. ಅದಕ್ಕೇ ಹೊರತೆಗೆದ ತುಣುಕಿನ ಮೇಲಿನ ಪರೀಕ್ಷೆ ಬೇಗ ಕೈಗೂಡೀತು ಅಂತ ನನ್ನ ಅನಿಸಿಕೆ. ಆಗಲೂ ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವವರು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟೇ.

ಈಗ ನೀವು ಡಾಕ್ಟರನ್ನು ಕೇಳಬೇಕಾದದ್ದು: ಬಯಾಪ್ಸಿಗೆ ಮುಂಚೆ ಎಂಆರ್‌ಐ ಆಗಿತ್ತೇ? ಇಲ್ಲದಿದ್ದರೆ ಈಗ ಮಾಡಿಸಬಹುದೇ? ಅದರಲ್ಲಿ ಅನುಮಾನದ ಜಾಗ ಕಂಡರೆ, ಮುಂದಿನ ಸೂಜಿಯನ್ನು ನೇರ ಅಲ್ಲಿಗೇ ಹಾಕಬಹುದು.