ಪ್ರತಿಕ್ರಿಯೆ: ಹಿಮೋಗ್ಲೋಬಿನ್ 19 ಇದ್ದರೆ ರಕ್ತ ತೆಗೆಸಬೇಕೇ?

ಬದಿಯಡ್ಕದಿಂದ ಬರೆದವರಿಗೆ,

ಮಾವನವರ ಹಿಮೋಗ್ಲೋಬಿನ್ 19 ಇದೆ, ವೈದ್ಯರು ರಕ್ತ ತೆಗೆಸಲು ಹೇಳಿದ್ದಾರೆ, ರಕ್ತ ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ರಕ್ತ ಮಂದವಾದಷ್ಟೂ ನಾಳದೊಳಗೆ ಹೆಪ್ಪುಗಟ್ಟುವ ಭಯ ಹೆಚ್ಚು. ಪಾರ್ಶ್ವವಾಯು, ಹೃದಯಾಘಾತಕ್ಕೆ ಅದೇ ದಾರಿ.

ನೀವು ಕೊನೆಗೆ ಸುಮ್ಮನೆ ಸೇರಿಸಿದ ಮಾತೇ ನನಗೆ ಮುಖ್ಯವಾಗಿ ಕಂಡಿತು: ಹಂಡೆಯ ಬಿಸಿನೀರಲ್ಲಿ ಮಿಂದು ಬಂದೊಡನೆ ಮೈಯೆಲ್ಲ ತುರಿಕೆ, ಚರ್ಮದಲ್ಲಿ ಮಾತ್ರ ಒಂದು ಗುಳ್ಳೆಯೂ ಇಲ್ಲ. ಇದು ಪಾಲಿಸೈಥೀಮಿಯಾ ವೆರಾದ ಲಕ್ಷಣವಿರಬಹುದು. ಅಸ್ಥಿಮಜ್ಜೆ ಲಂಗುಲಗಾಮಿಲ್ಲದೆ ಕೆಂಪು ರಕ್ತಕಣ ತಯಾರಿಸುವ ಕಾಯಿಲೆಯಿದು. ರೋಗಿಗಳಲ್ಲಿ ಸುಮಾರು ಶೇ. 95ರಷ್ಟು ಮಂದಿಗೆ ಜೆಎಕೆ2 ಜೀನಿನಲ್ಲಿ, 2005ರಲ್ಲಿ ಪತ್ತೆಯಾದ ಒಂದು ದೋಷ ಇರುತ್ತದೆ. ಆದರೆ ಬೀಡಿ ಸೇದುವವರಲ್ಲೂ ಶ್ವಾಸಕೋಶದ ತೊಂದರೆಯವರಲ್ಲೂ ಹಿಮೋಗ್ಲೋಬಿನ್ ಏರುತ್ತದೆ. ಹಾಗಾಗಿ ಜೆಎಕೆ2 ಮತ್ತು ಎರಿತ್ರೋಪೊಯಿಟಿನ್ (ಕೆಂಪು ರಕ್ತಕಣ ತಯಾರಿಸಲು ಮಜ್ಜೆಯನ್ನು ಪ್ರಚೋದಿಸುವ ಹಾರ್ಮೋನು) ಪರೀಕ್ಷೆ ಮಾಡಿಸದೆ ತೀರ್ಮಾನಕ್ಕೆ ಬರಬೇಡಿ.

ಕಾಯಿಲೆ ಅದೇ ಆದರೆ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ. 45ಕ್ಕಿಂತ ಕೆಳಗೆ ಇಳಿಯುವವರೆಗೆ ಆಗಾಗ ರಕ್ತ ತೆಗೆಯುತ್ತಾರೆ. ಆಗ ಕಬ್ಬಿಣದಂಶ ತಗ್ಗುತ್ತದೆ. ನೆರೆಮನೆಯವರ ಮಾತು ಕೇಳಿ ಕಬ್ಬಿಣದ ಟಾನಿಕ್ ಕುಡಿಸಿದರೆ ತೆಗೆದ ರಕ್ತವೆಲ್ಲ ಮತ್ತೆ ತುಂಬಿಕೊಳ್ಳುತ್ತದೆ! ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್ ಕೂಡ ವೈದ್ಯರು ಬರೆದುಕೊಟ್ಟರೆ ಮಾತ್ರ.

ಇದನ್ನು ರಕ್ತದ ಕ್ಯಾನ್ಸರ್‌ಗಳ ಗುಂಪಿಗೇ ಸೇರಿಸುತ್ತಾರೆ, ನಿಜ. ಆದರೂ ನಿಧಾನದ ಕಾಯಿಲೆ. ಚಿಕಿತ್ಸೆಯೊಡನೆ ಹಲವರು ದಶಕಗಳ ಕಾಲ ಬಾಳುತ್ತಾರೆ. ಮಂಗಳೂರಿನಲ್ಲಿ ರಕ್ತರೋಗ ತಜ್ಞರಿದ್ದಾರೆ. ರೈಲಿನಲ್ಲಿ ಹೋಗುವುದಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಹಳೆಯ ರಕ್ತಪರೀಕ್ಷೆಯ ವರದಿಗಳನ್ನೂ ಒಯ್ಯಿರಿ. ನಡುವೆ ಮಾತು ತೊದಲಿದರೆ, ಎದೆ ನೋವು ಬಂದರೆ, ಒಂದೇ ಕಾಲು ಊದಿಕೊಂಡರೆ ಬೆಳಗಾಗಲೆಂದು ಕಾಯಬೇಡಿ.