ಸೈನ್ಯದಲ್ಲಿ ಆಫೀಸರ್‌ಗೂ ಜವಾನನಿಗೂ ನಡುವೆ ಸುಬೇದಾರರ ಕೆಲಸ ಏನು?

"ಆರ್ಡರ್ ಕೊಡೋಕೆ ಆಫೀಸರ್‌ಗಳಿದ್ದಾರೆ, ಕಾದಾಡೋಕೆ ಜವಾನರಿದ್ದಾರೆ. ನಡುವೆ ಈ ಸುಬೇದಾರರು ಯಾಕೆ?" ಅಂತ ಕೇಳಿದ್ದೀರಿ. ಕಾಲಾಳು ಬೆಟಾಲಿಯನ್ ಒಂದರಲ್ಲಿ 20 ವರ್ಷಕ್ಕೂ ಜಾಸ್ತಿ ಇದ್ದು ಹವಾಲ್ದಾರ್ ಆಗಿ ನಿವೃತ್ತನಾದವನು ನಾನು. ಕಂಡದ್ದನ್ನು ಹೇಳುತ್ತೇನೆ.

ಮೊದಲು ಮೆಟ್ಟಿಲು ತಿಳಿದುಕೊಳ್ಳಿ. ಜವಾನನಾಗಿ ಸೇರಿದವನು ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಆಗುತ್ತಾನೆ. ಅಲ್ಲಿಂದ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಕೊನೆಗೆ ಸುಬೇದಾರ್ ಮೇಜರ್. ಈ ಮೂವರೂ ಜೆಸಿಒಗಳು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳು. ಟ್ಯಾಂಕ್ ರೆಜಿಮೆಂಟ್‌ಗಳಲ್ಲಿ ಇವರನ್ನೇ ರಿಸಾಲ್ದಾರ್ ಅನ್ನುತ್ತಾರೆ. ಬೆಟಾಲಿಯನ್‌ಗೆ ಸುಬೇದಾರ್ ಮೇಜರ್ ಒಬ್ಬರೇ.

ಬೆಟಾಲಿಯನ್ ನಡೆಸುವ ಕಮಾಂಡಿಂಗ್ ಆಫೀಸರ್, ಅಂದರೆ ಸಿಒ ಸಾಬ್, ಎರಡು ಮೂರು ವರ್ಷಕ್ಕೆ ಬದಲಾಗುತ್ತಾರೆ. ಸುಬೇದಾರ್ ಮೇಜರ್ ಹದಿಹರೆಯದಲ್ಲಿ ಅದೇ ಪಲ್ಟನ್‌ಗೆ ಬಂದು ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಯಾವ ಹುಡುಗ ಕಷ್ಟ ಬಂದರೂ ಬಾಯಿ ಬಿಡಲ್ಲ, ಯಾವನು ಸುಮ್ನೆ ನೆಪ ಹೇಳುತ್ತಾನೆ, ಎಲ್ಲ ಅವರಿಗೆ ಗೊತ್ತು. ಆಫೀಸರ್ ಮುಂದೆ ಜವಾನ ಹೇಳುವುದು ಒಂದೇ ಮಾತು, "ಠೀಕ್ ಹೈ ಸಾಬ್". ನಿಜವಾಗಿ ಠೀಕ್ ಇದೆಯಾ ಅಂತ ನೋಡುವವರು ಸುಬೇದಾರರು.

ನನ್ನದೇ ಹೇಳುತ್ತೇನೆ. ಸರ್ವಿಸ್‌ನ ಮೂರನೇ ವರ್ಷ, ಮನೆಯಲ್ಲಿ ಅಪ್ಪನಿಗೆ ಹುಷಾರಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಲಂಗರ್‌ನಲ್ಲಿ, ಅಂದರೆ ಜವಾನರ ಊಟದ ಮನೆಯಲ್ಲಿ, ಎರಡು ದಿನ ತಟ್ಟೆಯಲ್ಲಿ ಅನ್ನ ಬಿಟ್ಟಿದ್ದೆ, ಅಷ್ಟೇ. ರಾತ್ರಿ ನಮ್ಮ ಪ್ಲಟೂನ್‌ನ (ಬೆಟಾಲಿಯನ್‌ನೊಳಗಿನ ಸಣ್ಣ ತುಕಡಿ) ಸುಬೇದಾರ್ ಸಾಬ್ ಬಂದು ನನ್ನ ಮಂಚದ ಮೇಲೆ ಕೂತರು. ಏನೂ ಕೇಳಲಿಲ್ಲ. ನನ್ನ ರೈಫಲ್ ಎತ್ತಿಕೊಂಡು ಬಟ್ಟೆಯಿಂದ ಒರೆಸತೊಡಗಿದರು. ಹತ್ತು ನಿಮಿಷ ಆದಮೇಲೆ ನಾನೇ ಎಲ್ಲ ಹೇಳಿಬಿಟ್ಟೆ. ಮಾರನೇ ದಿನ ರಜೆ ಮಂಜೂರಾಗಿತ್ತು.

ಹೊಸ ಲೆಫ್ಟಿನೆಂಟ್‌ಗಳನ್ನು ತಯಾರು ಮಾಡುವುದೂ ಇವರೇ. ಹುಡುಗ ನಕ್ಷೆ ತಪ್ಪಾಗಿ ಓದಿದರೆ ನಮ್ಮೆದುರು ತಿದ್ದುವುದಿಲ್ಲ. ಪಕ್ಕಕ್ಕೆ ಹೋಗಿ "ಸಾಬ್, ಒಮ್ಮೆ ನೋಡಿಬಿಡೋಣ" ಅನ್ನುತ್ತಾರೆ. ಜವಾನರೆದುರು ಅವನ ಮರ್ಯಾದೆ ಉಳಿಯಬೇಕು, ಅಲ್ವಾ? ಮಗನ ವಯಸ್ಸಿನವನಿಗೆ ಸೆಲ್ಯೂಟ್ ಹೊಡೆದುಕೊಂಡೇ ಪಾಠ ಹೇಳುವುದು ಸಣ್ಣ ಮಾತಲ್ಲ.

ಇವರದು ಬರೀ ಸಲಹೆ ಕೊಡುವ ಕೆಲಸ ಅಂದುಕೊಳ್ಳಬೇಡಿ. ಯುದ್ಧದಲ್ಲಿ ಪ್ಲಟೂನ್ ನಡೆಸುವವರು ಹೆಚ್ಚಾಗಿ ಇವರೇ. 1962ರ ಚೀನಾ ಯುದ್ಧದಲ್ಲಿ ಗಡಿಯ ಬೂಮ್ ಲಾ ಕಣಿವೆದಾರಿಯ ಬಳಿ ಸುಬೇದಾರ್ ಜೋಗಿಂದರ್ ಸಿಂಗ್ ತೊಡೆಗೆ ಗುಂಡು ಬಿದ್ದರೂ ತಮ್ಮ ಪ್ಲಟೂನ್ ಬಿಟ್ಟು ಹಿಂದೆ ಹೋಗಲಿಲ್ಲ. 1987ರಲ್ಲಿ ಸಿಯಾಚಿನ್‌ನಲ್ಲಿ ಸುಮಾರು 21,000 ಅಡಿ ಎತ್ತರದ ಠಾಣೆ ಗೆದ್ದ ತಂಡದ ಮುಂದೆ ಇದ್ದವರು ನಾಯಬ್ ಸುಬೇದಾರ್ ಬಾನಾ ಸಿಂಗ್. ಇಬ್ಬರಿಗೂ ಪರಮವೀರ ಚಕ್ರ ಸಿಕ್ಕಿದೆ.

"ಸಿಒಗೆ ಇವರು ಎದುರು ಮಾತಾಡಬಹುದಾ?" ಅಂತಲೂ ಕೇಳಿದ್ದೀರಿ. ಒಂದು ಯುದ್ಧಾಭ್ಯಾಸದಲ್ಲಿ ಮೂರು ದಿನ ಮಳೆಯಲ್ಲೇ ನಡೆದಿದ್ದೆವು. ಅವತ್ತು ರಾತ್ರಿಯೇ ಮತ್ತೆ ಹೊರಡಬೇಕು ಅಂತ ಆರ್ಡರ್ ಬಂತು. ಸುಬೇದಾರ್ ಮೇಜರ್ ಸಾಬ್ ಸಾಲಿನುದ್ದಕ್ಕೂ ಬಂದು ಒಬ್ಬೊಬ್ಬರದೂ ಬೂಟು ಬಿಚ್ಚಿಸಿದರು. ಟಾರ್ಚ್ ಹಿಡಿದು ಬೆರಳಿನ ಸಂದಿ ನೋಡಿದರು. ಚರ್ಮ ಬೆಳ್ಳಗೆ ನೆನೆದು ಸುಲಿದಿತ್ತು. ಒಂದು ಮಾತೂ ಆಡದೆ ಸಿಒ ಸಾಬ್ ಟೆಂಟ್‌ಗೆ ಹೋದರು. ಒಳಗೆ ಏನು ಮಾತಾಯಿತೋ ನಮಗೆ ಇವತ್ತಿಗೂ ಗೊತ್ತಿಲ್ಲ. ಹೊರಗೆ ಬಂದು ಇಷ್ಟೇ ಹೇಳಿದರು: "ಸಿಒ ಸಾಬ್ ಹುಕುಂ ಆಗಿದೆ. ಕಾಲು ಒರೆಸಿಕೊಂಡು ಮಲಗಿ. ಬೆಳಿಗ್ಗೆ 4ಕ್ಕೆ ಹೊರಡೋದು."