ರಕ್ತ ಹೆಚ್ಚಾದರೆ ಒಳ್ಳೆಯದಲ್ಲವೇ?

ಪ್ರಶ್ನೆ: ನಮ್ಮ ಯಜಮಾನರಿಗೆ 62 ವರ್ಷ. ಹಿಮೋಗ್ಲೋಬಿನ್ 18.9, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 57. ಬಿಸಿನೀರು ಸ್ನಾನವಾದರೆ ಮೈಯೆಲ್ಲ ತುರಿಕೆ. ಜಾಕ್-2 ಎಂಬ ಜೀನ್ ದೋಷದ ಪರೀಕ್ಷೆ ಪಾಸಿಟಿವ್ ಬಂದಿದೆ. ರಕ್ತ ತೆಗೆಯಬೇಕು ಎನ್ನುತ್ತಾರೆ. ತೆಗೆದರೆ ನಿಶ್ಶಕ್ತಿಯಾಗುವುದಿಲ್ಲವೇ? ಕಬ್ಬಿಣದ ಮಾತ್ರೆ ಕೊಡಲೇ?
– ಓದುಗರು, ಡೊಂಬಿವಲಿ

ಉತ್ತರ: ದಯವಿಟ್ಟು ರಕ್ತ ತೆಗೆಸುವುದನ್ನು ಮುಂದೂಡಬೇಡಿ. ನೀವು ಬರೆದ ಲಕ್ಷಣಗಳು ಪಾಲಿಸೈಥೀಮಿಯಾ ವೆರಾಕ್ಕೆ ಹೊಂದುತ್ತವೆ. ಇದರಲ್ಲಿ ಅಸ್ಥಿಮಜ್ಜೆ ಲಗಾಮಿಲ್ಲದೆ ಕೆಂಪುಕಣ ತಯಾರಿಸುತ್ತದೆ. ರಕ್ತ ಮಂದವಾಗಿ ಮೆದುಳು, ಹೃದಯ, ಕಾಲಿನ ನಾಳಗಳಲ್ಲಿ ಹೆಪ್ಪುಗಟ್ಟಬಹುದು. ಭಯಪಡಬೇಕಾದದ್ದು ಅದಕ್ಕೆ, ಸೂಜಿಗಲ್ಲ.

ಒಂದು ಸಲಕ್ಕೆ ಸಾಮಾನ್ಯವಾಗಿ 350ರಿಂದ 450 ಮಿ.ಲೀ. ತೆಗೆಯುತ್ತಾರೆ, ವಯಸ್ಸಾದವರಿಗೆ, ಹೃದ್ರೋಗಿಗಳಿಗೆ ಕಡಿಮೆ. ಹೆಮಟೋಕ್ರಿಟ್ 45ಕ್ಕಿಂತ ಕೆಳಗಿಳಿದು ಅಲ್ಲೇ ನಿಲ್ಲಬೇಕು. ಅಂದು ತಿಂಡಿ ತಿಂದು, ನೀರು ಕುಡಿದು ಹೋಗಲಿ. ಮುಗಿದ ಮೇಲೆ ತಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಸ್ವಲ್ಪ ಹೊತ್ತು ಮಲಗಿರಲಿ, ಆಮೇಲೂ ನೂಕುನುಗ್ಗಲಿನ ಲೋಕಲ್ ಹತ್ತುವುದು ಬೇಡ.

ಪದೇ ಪದೇ ತೆಗೆದಾಗ ಕಬ್ಬಿಣದಂಶ ಇಳಿಯುವುದು ನಿರೀಕ್ಷಿತವೇ. ಮಾತ್ರೆ ಕೊಟ್ಟರೆ ಮಜ್ಜೆಗೆ ಕಚ್ಚಾಮಾಲು ಸಿಕ್ಕಿ ಕಣಗಳು ಮತ್ತೆ ಏರುತ್ತವೆ. ನೀವಾಗಿ ಕೊಡಲೇಬೇಡಿ.

60 ದಾಟಿದವರಿಗೆ ಕಣಗಳ ತಯಾರಿ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಔಷಧಿಯನ್ನೂ ಸೇರಿಸುವುದು ರೂಢಿ; ಬಿಳಿಕಣ ತೀರಾ ಕುಸಿಯದಂತೆ ಆಗಾಗ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಬೇಕು. ಕಡಿಮೆ ಪ್ರಮಾಣದ ಆಸ್ಪಿರಿನ್ ಸಹ ಕೊಡುತ್ತಾರೆ. ಆದರೆ ಹೊಟ್ಟೆಹುಣ್ಣಿದ್ದರೆ, ಪ್ಲೇಟ್‌ಲೆಟ್ 10 ಲಕ್ಷ ಮೀರಿದ್ದರೆ ರಕ್ತಸ್ರಾವದ ಅಪಾಯವಿದೆ, ಮೊದಲೇ ಹೇಳಿ.

ತುರಿಕೆಗೆ ಉಗುರುಬೆಚ್ಚಗಿನ ನೀರು, ಉಜ್ಜದೆ ಮೆಲ್ಲಗೆ ಟವೆಲ್ ಒತ್ತಿ ಒರೆಸುವುದು. ಮುಂಬೈಯ ಬೆವರಿಗೆ ನೀರು ಹೆಚ್ಚೇ ಕುಡಿಯಲಿ. ಬೀಡಿ-ಸಿಗರೇಟು ಪೂರ್ತಿ ಬಂದ್. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಎದೆ ಹಿಂಡಿದರೆ, ಒಂದೇ ಕಾಲು ಊದಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.